ಆ ಹಂಚಿನ ಮೇಲಿರುವ 1865

ಅಗ್ರಹಾರದ ಮನೆ ಬಿಚ್ಚಿಸುವಾಗ ‘ಬಾಸೆಲ್ ಮಿಷನ್, ಮಂಗಳೂರು, 1865’ ಅಂತ ಅಚ್ಚಿರುವ ಹಂಚು ಸಿಕ್ಕಿತು, ಅಷ್ಟು ಹಳೆಯದಾ ಅಂತ ಕೇಳಿದ್ದೀರಿ. ಮಂಗಳೂರಿನ ನಿಮ್ಮಜ್ಜಿ ಹಳೇ ಕಥೆ ಬಾಯಿಬಿಡಲ್ಲ ಅಂತಲೂ ಬರೆದಿದ್ದೀರಿ.

ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ. 1865 ಅದರ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೂ ಅದೇ ಇಸವಿಯ ಅಚ್ಚು ಒತ್ತುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಕಾರ್ಖಾನೆಯನ್ನು ವಶಕ್ಕೆ ತೆಗೆದುಕೊಂಡರು, ನಂತರ ಅದು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಸೇರಿತು. ಮಿಷನ್ ಹೆಸರೇ ಇರುವುದರಿಂದ ನಿಮ್ಮದು ಅದಕ್ಕಿಂತ ಹಿಂದಿನದಿರಬೇಕು. ಶುರು ಮಾಡಿದ್ದು ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ. ನೇತ್ರಾವತಿ ದಡದ ಜೇಡಿಮಣ್ಣು, ಸೌದೆ, ಸಾಗಿಸಲು ದೋಣಿ, ಎಲ್ಲ ಹತ್ತಿರದಲ್ಲೇ ಇತ್ತು.

ಇನ್ನು ಅಜ್ಜಿ ವಿಷಯ. ನಮ್ಮಮ್ಮನೂ ಮಂಗಳೂರಿನವರೇ. ‘ಆಗ ಊರು ಹೇಗಿತ್ತು?’ ಅಂದರೆ ‘ಏನು, ಮಳೆ’ ಅಂತ ಮುಗಿಸಿಬಿಡುತ್ತಾರೆ. ಒಂದಿನ ಸುಮ್ನೆ ಹಳೇ ಹಂಚೊಂದನ್ನು ಕೈಗೆ ಕೊಟ್ಟೆ. ಹಿಂಬದಿಯ ಗೀರಿನ ಮೇಲೆ ಬೆರಳಾಡಿಸಿದರು. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಬರುತ್ತಿದ್ದ ಆಳುಗಳು, ಕೆಳಗಿಂದ ಎಸೆದದ್ದನ್ನು ಮೇಲಿದ್ದವನು ಹಿಡಿಯುತ್ತಿದ್ದ ರೀತಿ, ಅಡುಗೆಮನೆಯ ಗಾಜಿನ ಹಂಚಿಂದ ಬೀಳುವ ಬಿಸಿಲುಕೋಲಿನಲ್ಲಿ ಹೊಗೆ ಸುತ್ತುತ್ತಿದ್ದದ್ದು... ಕಾಫಿ ಆರಿಹೋಯಿತು, ಮಾತು ನಿಲ್ಲಲಿಲ್ಲ. ರೆಕಾರ್ಡ್ ಮಾಡಲಿಲ್ಲ ಅಂತ ಈಗಲೂ ಕೈ ಹಿಸುಕಿಕೊಳ್ಳುತ್ತೇನೆ.

ಹಾಗಾಗಿ ಎಲ್ಲವನ್ನೂ ಗುಜರಿಯವನಿಗೆ ಕೊಡಬೇಡಿ. ನಾಲ್ಕೈದು ಇಟ್ಟುಕೊಳ್ಳಿ. ಒಂದನ್ನು ತೊಳೆಯದೆ, ಪಾಚಿ ಸಮೇತ ಅಜ್ಜಿಯ ಮಡಿಲಲ್ಲಿಡಿ. ಫೋನ್ ರೆಕಾರ್ಡರ್ ಮಾತ್ರ ಮೊದಲೇ ಆನ್ ಮಾಡಿರಿ.