ಏಳು ಡೈರಿಗಳ ಮೊದಲ ಪುಟ

ಜನವರಿ ಎರಡನೇ ವಾರ ಬಂತೆಂದರೆ ನನ್ನ ಆಪ್ತಸಮಾಲೋಚನೆಯ ಕೋಣೆಯಲ್ಲಿ ಒಂದೇ ಮಾತನ್ನು ಬೇರೆ ಬೇರೆ ಜನ ಹೇಳುತ್ತಾರೆ. "ಹೋದ ವರ್ಷ ಏನೂ ಮಾಡ್ಲಿಲ್ಲ. ಈ ವರ್ಷದ್ದೂ ಆಗಲೇ ತಪ್ಪಿ ಹೋಯ್ತು." ಕಾಲೇಜು ಹುಡುಗಿ ಹೇಳುತ್ತಾಳೆ, ನಿವೃತ್ತರಾದ ಮೇಷ್ಟ್ರು ಹೇಳುತ್ತಾರೆ. ಮಾರ್ಚ್ ಕೊನೆಗೆ ಆಫೀಸುಗಳಲ್ಲಿ ಅಪ್ರೈಸಲ್ ನಡೆಯುವಾಗ ಇನ್ನೊಂದು ಸುತ್ತು ಬರುತ್ತದೆ. ಇಷ್ಟು ವರ್ಷ ಕೇಳಿದರೂ ಈ ಮಾತು ನನಗೆ ಹಳೆಯದಾಗಿಲ್ಲ. ಒಬ್ಬ ಮನುಷ್ಯ 365 ದಿನ ಬದುಕಿ, ಕೊನೆಗೆ "ಏನೂ ಇಲ್ಲ" ಅಂತ ಷರಾ ಬರೆಯುವುದನ್ನು ನೋಡುತ್ತಾ ಸುಮ್ಮನೆ ಕೂರುವುದು ನನಗೆ ಕಷ್ಟ.

ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ನಲವತ್ತರ ಮೇಲೆ ಸ್ವಲ್ಪ ವಯಸ್ಸು. ತಾಲ್ಲೂಕು ಕೇಂದ್ರವೊಂದರಲ್ಲಿ ಹಾರ್ಡ್‌ವೇರ್ ಅಂಗಡಿ. ತಂದೆ ತೀರಿಕೊಂಡಾಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದರು. ಎರಡು ವಿಷಯ ಉಳಿದವು, ಅಂಗಡಿ ಹೆಗಲಿಗೆ ಬಂತು. ಹೆಂಡತಿ, ಅಮ್ಮ, ಒಬ್ಬಳು ಮಗಳು. ರಾತ್ರಿ ನಿದ್ದೆ ಬರುತ್ತಿಲ್ಲ, ಅಂಗಡಿ ಹುಡುಗನ ಮೇಲೆ ಸುಮ್ನೆ ರೇಗುತ್ತಾರೆ ಅಂತ ಹೆಂಡತಿಯೇ ಕಳಿಸಿದ್ದರು.

ಮೊದಲ ದಿನ ನಾನು ಗುರಿಗಳ ಬಗ್ಗೆ ಮಾತೇ ಎತ್ತಲಿಲ್ಲ. "ಏನೂ ಮಾಡ್ಲಿಲ್ಲ" ಅನ್ನುವ ಮಾತಿನ ಹಿಂದೆ ಖಿನ್ನತೆ ಇರಬಹುದು. ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಯಾವುದರಲ್ಲೂ ಆಸಕ್ತಿ ಇಲ್ಲವೇ? ಊಟ ಸೇರುತ್ತಿಲ್ಲವೇ? ಬದುಕೇ ಬೇಡ ಅನಿಸಿದೆಯೇ? ಈ ಕೊನೆಯ ಪ್ರಶ್ನೆಯನ್ನು ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಎಷ್ಟೋ ಜನಕ್ಕೆ ಭಾರ ಇಳಿಯುತ್ತದೆ. ಇವರಿಗೆ ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಡೈರಿ ಪಕ್ಕಕ್ಕಿಟ್ಟು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇದನ್ನು ಓದುವಾಗ ನಿಮಗೆ ಹಾಗೆ ಅನಿಸಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾಯಿತು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಗೆ ಹೋಗುವಾಗ ಅವರಿಗೆ ಒಂದು ಕೆಲಸ ಕೊಟ್ಟೆ. ಫೋನಿನಲ್ಲಿರುವ ಫೋಟೋಗಳನ್ನು ತಿಂಗಳು ತಿಂಗಳಾಗಿ ನೋಡಿ. ದುಡ್ಡು ಕಳಿಸಿದ್ದರ ಪಟ್ಟಿ ನೋಡಿ. ಒಂದೊಂದು ತಿಂಗಳಿಗೆ ಎರಡೇ ಸಾಲು ಬರೆಯಿರಿ. ನೆನಪಿನಿಂದ ಮಾತ್ರ ಬರೆಯಬೇಡಿ. ಮನಸ್ಸು ಕುಗ್ಗಿದಾಗ ನೆನಪು ಸೋತ ದಿನಗಳನ್ನೇ ಆರಿಸಿ ತರುತ್ತದೆ.

ಅವರು ಬರೆದು ತಂದರು. ಫೆಬ್ರವರಿಯಲ್ಲಿ ಅಮ್ಮನ ಒಂದು ಕಣ್ಣಿನ ಪೊರೆ ಆಪರೇಷನ್, ಮಾರ್ಚಿನಲ್ಲಿ ಇನ್ನೊಂದು ಕಣ್ಣಿನದು. ಮೇ ತಿಂಗಳಲ್ಲಿ ಮಗಳಿಗೆ ಸೈಕಲ್ ಕಲಿಸಿದ್ದು. ಜುಲೈ ಮಳೆಗೆ ಗೋಡೌನಿಗೆ ನೀರು ನುಗ್ಗಿ ಸಿಮೆಂಟ್ ಚೀಲಗಳು ಕಲ್ಲಾದದ್ದು. ಆ ನಷ್ಟದಲ್ಲೂ ಡೀಲರಿಗೆ ಅಕ್ಟೋಬರ್ ಹೊತ್ತಿಗೆ ಪೂರ್ತಿ ದುಡ್ಡು ಕಟ್ಟಿದ್ದು.

"ಇವೆಲ್ಲ ಗುರಿ ಅಲ್ಲವಲ್ಲ ಮೇಡಂ" ಅಂದರು.

ನಾನು ಅವನ್ನು ಸಾಧನೆ ಅಂತ ಕರೆಯಲಿಲ್ಲ. ಸುಮ್ನೆ ಬೆನ್ನು ತಟ್ಟಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ನನಗೆ ಬೇಕಿದ್ದದ್ದು ಬೇರೆ. ವರ್ಷ ಎಲ್ಲಿ ಹೋಯಿತು ಅಂತ ಇಬ್ಬರೂ ನೋಡಬೇಕಿತ್ತು. ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಅಂಗಡಿಯಲ್ಲಿರುವವರಿಗೆ ದಿನದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ? ಅದು ಗೊತ್ತಾಗದೆ ಮುಂದಿನ ವರ್ಷಕ್ಕೆ ಗುರಿ ಬರೆದರೆ ಇಲ್ಲದ ದುಡ್ಡಿಗೆ ಚೆಕ್ ಬರೆದ ಹಾಗೆ.

ಮೂರನೇ ಸಲ ಬಂದಾಗ ಒಂದು ಬಟ್ಟೆ ಚೀಲ ತಂದರು. ಅದರಲ್ಲಿ ಏಳು ಡೈರಿ. ಪೇಂಟ್ ಕಂಪನಿಯವರು, ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಡುತ್ತಾರಲ್ಲ, ಅಂಥವು. ಎಲ್ಲದರ ಮೊದಲ ಪುಟದಲ್ಲೂ ಐದು ಗುರಿ. ಬಿ.ಕಾಂ. ಮುಗಿಸುವುದು. ಹತ್ತು ಕೆ.ಜಿ. ಇಳಿಸುವುದು. ಸಿಟ್ಟು ಬಿಡುವುದು. ಇಂಗ್ಲಿಷ್ ಮಾತಾಡಲು ಕಲಿಯುವುದು. ಮನೆ ಸಾಲ ಬೇಗ ತೀರಿಸುವುದು. ಜನವರಿ ಹತ್ತು, ಹನ್ನೆರಡರವರೆಗೆ ದಿನವೂ ನಡೆದ ಹೊತ್ತು, ತೂಕ ಎಲ್ಲ ಬರೆದಿದ್ದಾರೆ. ಆಮೇಲಿನ ಪುಟಗಳಲ್ಲಿ ಕಬ್ಬಿಣದ ದರ, ಪೈಪ್ ಆರ್ಡರ್, ಯಾರದೋ ಫೋನ್ ನಂಬರ್.

ಒಂದೊಂದೇ ಪುಟ ಗಟ್ಟಿಯಾಗಿ ಓದಿ ಅಂದೆ. ಓದಿದರು. ನಾಲ್ಕನೆಯದಕ್ಕೆ ಬರುವಾಗ ದನಿ ಇಳಿದಿತ್ತು. ಏಳನೆಯ ಡೈರಿ ತೆಗೆದು ಸುಮ್ಮನಾದರು. ನಾನು ಬಗ್ಗಿ ನೋಡಿದೆ. "1" ಅಂತ ಬರೆದು ಪಕ್ಕದಲ್ಲಿ ಖಾಲಿ ಬಿಟ್ಟಿದ್ದರು. ಎರಡರಿಂದ ಐದರವರೆಗೆ ಮಾಮೂಲು.

"ಇದು ಯಾಕೆ ಖಾಲಿ?"

"ಏನಿರುತ್ತೆ ಅಂತ ಗೊತ್ತಿರೋದೇ ಅಲ್ವಾ ಮೇಡಂ. ಬರೆಯೋಕೆ ನಾಚಿಕೆ ಆಯ್ತು."

ಆಗ ನನಗೆ ಅವರ ಅಂಗಡಿ ನೆನಪಾಯಿತು. ದೀಪಾವಳಿಗೆ ಅವರೂ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವವರು. ಕೇಳಿದೆ: "ಉದ್ರಿ ಖಾತೆಯಲ್ಲಿ ಏಳು ವರ್ಷದಿಂದ ಬಾರದ ಬಾಕಿ ಇದ್ದರೆ ಏನು ಮಾಡ್ತೀರಿ?"

ಯೋಚನೆ ಮಾಡದೆ ಹೇಳಿದರು. "ಹೊಸ ಪುಸ್ತಕಕ್ಕೆ ತರಲ್ಲ. ಅದು ಮುಳುಗಿದ್ದು ಅಂತ ಹಳೇ ಪುಸ್ತಕದಲ್ಲೇ ಗೆರೆ ಎಳೀತೀವಿ. ವರ್ಷಾ ವರ್ಷ ಹೊತ್ಕೊಂಡು ಬಂದ್ರೆ ನಿಜವಾದ ಲೆಕ್ಕ ಸಿಗಲ್ಲ. ಅಂಗಡಿಲಿ ಎಷ್ಟು ಇದೆ ಅಂತಾನೇ ಗೊತ್ತಾಗಲ್ಲ."

ಆಮೇಲೆ ತಾವಾಗಿಯೇ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತು ಡೈರಿ ನೋಡಿದರು. "ಆದ್ರೆ ಮೇಡಂ, ಅಲ್ಲಿ ಕೊಡಬೇಕಾದವನು ಬೇರೆ, ಕೇಳೋನು ಬೇರೆ. ಇಲ್ಲಿ ಎರಡೂ ನಾನೇ. ಏಳು ವರ್ಷದಿಂದ ನನ್ನ ಮನೆ ಬಾಗಿಲಿಗೆ ನಾನೇ ವಸೂಲಿಗೆ ಹೋಗ್ತಿದ್ದೀನಿ."

ಈ ಮಾತು ನನ್ನದಲ್ಲ. ಅವರದ್ದು.

ನಾನು ಒಂದೇ ಪ್ರಶ್ನೆ ಮುಂದಿಟ್ಟೆ. ನಾಳೆ ಬೆಳಿಗ್ಗೆ ಬಿ.ಕಾಂ. ಸರ್ಟಿಫಿಕೇಟ್ ಕೈಗೆ ಬಂತು ಅಂತಿಟ್ಟುಕೊಳ್ಳಿ. ಅವತ್ತು ಏನು ಮಾಡುತ್ತೀರಿ? ಅಂಗಡಿ ಬಿಡುತ್ತೀರಾ? ಬೇರೆ ಕೆಲಸ ಹುಡುಕುತ್ತೀರಾ? ಎರಡಕ್ಕೂ ಇಲ್ಲ ಅಂದರು. ಮತ್ತೇನು ಅಂದೆ. ಉತ್ತರ ಬರಲು ತುಂಬಾ ಹೊತ್ತು ಹಿಡಿಯಿತು. ನಾನು ಕಾದೆ.

"ಮಗಳ ಸ್ಕೂಲ್ ಫಾರಂನಲ್ಲಿ ತಂದೆಯ ವಿದ್ಯಾಭ್ಯಾಸ ಅಂತ ಒಂದು ಕಾಲಂ ಇರುತ್ತೆ ಮೇಡಂ. ಬಿ.ಕಾಂ. ಅಂತ ಬರೀತಾ ಬಂದಿದ್ದೀನಿ. ಅವಳಿಗೂ ಹಾಗೇ ಹೇಳಿದ್ದೀನಿ. ಪ್ರತಿ ಸಲ ಬರೆದ ದಿನ ರಾತ್ರಿ ನಿದ್ದೆ ಬರಲ್ಲ."

ಏಳು ವರ್ಷ ಮೊದಲ ಸಾಲಿನಲ್ಲಿದ್ದದ್ದು ಓದಿನ ಆಸೆ ಅಲ್ಲ, ಒಂದು ಕಾಲಮ್ಮಿನ ನಾಚಿಕೆ. ನಾಚಿಕೆಯನ್ನು ಗುರಿ ಅಂತ ಬರೆದುಕೊಂಡರೆ ಅದು ಮುಂದಕ್ಕೆ ಎಳೆಯುವುದಿಲ್ಲ. ಡೈರಿ ತೆರೆದಾಗಲೆಲ್ಲ ಚುಚ್ಚುತ್ತದೆ. ಚುಚ್ಚುವ ಪುಸ್ತಕವನ್ನು ಜನವರಿ ಹನ್ನೆರಡಕ್ಕೆ ಮುಚ್ಚಿಟ್ಟದ್ದನ್ನು ಸೋಮಾರಿತನ ಅಂತ ಹೇಗೆ ಕರೆಯಲಿ?

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು, ನಿಜವಾಗಿ ಓದಬೇಕು ಅನಿಸುತ್ತದೆಯೇ ಅಂತ ಪರೀಕ್ಷೆ ಮಾಡೋಣ. ಅವರ ಹಳೆಯ ವಿಶ್ವವಿದ್ಯಾಲಯದಲ್ಲಿ ಆ ಎರಡು ವಿಷಯ ಬರೆಯುವ ಅವಧಿ ಮುಗಿದು ಹೋಗಿತ್ತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದಿಂದ ಸೇರಬಹುದು. ಮೂರು ವರ್ಷ ಬೇಕು. ವಿವರ ತರಿಸಿ, ಒಂದು ಪಠ್ಯಪುಸ್ತಕ ತೆಗೆದುಕೊಂಡು ಹತ್ತು ದಿನ ಓದಿ ನೋಡಿ. ಮನಸ್ಸು ಬಂದರೆ ಉಳಿದ ನಾಲ್ಕು ಗುರಿ ಬಿಟ್ಟು ಇದನ್ನೇ ಹಿಡಿಯೋಣ. ಬಾರದಿದ್ದರೆ ಗೆರೆ ಎಳೆಯೋಣ.

ಅವರು ಆರು ದಿನ ಓದಿದರು. ಏಳನೇ ದಿನ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟು "ಬೇಡ ಮೇಡಂ" ಅಂದರು. ಮುಖದಲ್ಲಿ ಸೋಲು ಕಾಣಲಿಲ್ಲ. ಏಳನೇ ಡೈರಿಯಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ "ಬಿ.ಕಾಂ." ಅಂತ ಬರೆದರು. ಕೆಳಗೆ ತಾರೀಕು ಹಾಕಿ, ಅಂಗಡಿಯಲ್ಲಿ ಎಳೆಯುವ ಹಾಗೆ ಗೆರೆ ಎಳೆದರು. ಬರೆದೇ ಹೊಡೆದು ಹಾಕಬೇಕು ಅಂತ ನಾನು ಹಟ ಹಿಡಿದಿದ್ದೆ. ಸುಮ್ನೆ ಮರೆತರೆ ಮುಂದಿನ ಡಿಸೆಂಬರಿಗೆ ಮತ್ತೆ ಎದ್ದು ಬರುತ್ತದೆ.

ಎರಡನೆಯದು, ಈ ಸಲದ ಫಾರಂನಲ್ಲಿ ಇರುವುದನ್ನೇ ಬರೆಯಿರಿ. ಮಗಳು ಪಕ್ಕದಲ್ಲಿರುವಾಗಲೇ ಬರೆಯಿರಿ.

ಅದೇ ವಾರ ಅವರ ಹೆಂಡತಿ ಫೋನ್ ಮಾಡಿದರು. ಸಿಟ್ಟಾಗಿದ್ದರು. "ಮನುಷ್ಯನಿಗೆ ಇದ್ದದ್ದು ಒಂದು ಆಸೆ. ಅದನ್ನ ಬಿಡಿಸೋಕಾ ನಿಮ್ಮ ಹತ್ರ ಕಳಿಸಿದ್ದು?" ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಆಕೆಗೆ ಅವರ ಮೇಲೆ ನಂಬಿಕೆ ಇತ್ತು, ಅದಕ್ಕೇ ಸಿಟ್ಟು. ಆದರೂ ನನ್ನ ಸಲಹೆ ಸರಿ ಅಂತಲೇ ಈಗಲೂ ಹೇಳುತ್ತೇನೆ. "ಬಿಡಬೇಡ, ಹಿಡಿದದ್ದು ಸಾಧಿಸು" ಅಂತ ಹೇಳಿಯೇ ನಾವು ಮಕ್ಕಳನ್ನು ಬೆಳೆಸುತ್ತೇವೆ. ಯಾವುದನ್ನು ಯಾವಾಗ ಬಿಡಬೇಕು ಅಂತ ಯಾರೂ ಕಲಿಸುವುದಿಲ್ಲ. ಮನಶ್ಶಾಸ್ತ್ರಜ್ಞ ಕಾರ್ಸ್ಟನ್ ರಾಶ್ ಮತ್ತು ಜೊತೆಗಾರರು 2003ರಲ್ಲಿ ಈ ಬಗ್ಗೆ ಅಧ್ಯಯನ ಪ್ರಕಟಿಸಿದರು. ಕೈಗೆ ಸಿಗದ ಗುರಿಯನ್ನು ಬಿಡಬಲ್ಲವರ ಮನಸ್ಸು ಹೆಚ್ಚು ನೆಮ್ಮದಿಯಾಗಿತ್ತು ಅಂತ ಅದರಲ್ಲಿ ಕಂಡುಬಂತು. ಬಿಟ್ಟ ಮೇಲೆ ಹಿಡಿಯಲು ಇನ್ನೊಂದು ಇರುವುದೂ ಮುಖ್ಯ ಅಂತಲೂ ಅದು ತೋರಿಸಿತು. ಈ ಎರಡನೆಯ ಮಾತು ಇಲ್ಲದಿದ್ದರೆ ಆ ಹೆಂಡತಿಯ ಸಿಟ್ಟೇ ಸರಿ ಅನ್ನುತ್ತಿದ್ದೆ. ಖಾಲಿ ಕೈಯಲ್ಲಿ ಯಾರನ್ನೂ ಕಳಿಸಬಾರದು.

ಹಾಗಾಗಿ ಹಿಡಿಯಲು ಒಂದನ್ನು ಹುಡುಕಿದೆವು. ಒಂದೇ. ಹತ್ತು ಕೆ.ಜಿ. ಇಳಿಸುವುದರ ಬದಲು ರಾತ್ರಿ ನಡಿಗೆ. ಅದೂ "ದಿನಾ ಒಂದು ಗಂಟೆ" ಅಂತ ಅಲ್ಲ. "ರಾತ್ರಿ ಶಟರ್ ಎಳೆದು ಬೀಗ ಹಾಕಿದ ಕೂಡಲೇ, ಬೈಕ್ ಅಲ್ಲೇ ಬಿಟ್ಟು, ಕೆರೆ ಏರಿ ಮೇಲೆ ನಡೆದು ಮನೆಗೆ." ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಪರೀಕ್ಷಿಸಿದ್ದು ಇದನ್ನೇ. ಇದು ಆದ ಕೂಡಲೇ ಅದು ಮಾಡುತ್ತೇನೆ ಅಂತ ಹೊತ್ತು, ಜಾಗ ಕಟ್ಟಿಕೊಂಡರೆ ಕೆಲಸ ನಡೆಯುವುದು ಜಾಸ್ತಿ. ಶಟರ್ ಹೇಗೂ ದಿನಾ ಎಳೆಯಲೇಬೇಕು. ನೆನಪಿಸಲು ಬೇರೆ ಅಲಾರಂ ಬೇಡ.

ಉಳಿದ ಮೂರು? ಸಿಟ್ಟು ಅನ್ನುವುದು ನಿದ್ದೆಯ ಜೊತೆ ಕಟ್ಟಿಕೊಂಡಿತ್ತು, ಅದನ್ನು ಬೇರೆ ಗುರಿ ಮಾಡುವುದು ಬೇಡ ಅಂದೆ. ಸಾಲದ ಕಂತು ಹೇಗೂ ಕಟ್ಟುತ್ತಿದ್ದರು. ಇಂಗ್ಲಿಷ್ ಮುಂದಕ್ಕೆ ಹೋಯಿತು.

ವಾಟ್ಸ್‌ಆ್ಯಪಿನಲ್ಲಿ ಬಂದ "21 ದಿನ ಮಾಡಿದರೆ ಅಭ್ಯಾಸ ಆಗುತ್ತೆ" ಅನ್ನುವ ಮಾತನ್ನು ಅವರು ಗಟ್ಟಿಯಾಗಿ ನಂಬಿದ್ದರು. ಇಪ್ಪತ್ತೆರಡನೇ ದಿನ ಕಷ್ಟ ಅನಿಸಿದರೆ ತಪ್ಪು ನನ್ನದೇ ಅಂದುಕೊಳ್ಳುತ್ತಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ತಂಡ 96 ಜನರನ್ನು ಗಮನಿಸಿ 2010ರಲ್ಲಿ ಬರೆದದ್ದನ್ನು ಅವರಿಗೆ ಹೇಳಿದೆ. ಹೊಸ ಅಭ್ಯಾಸ ತಾನಾಗಿ ನಡೆಯಲು ಸರಾಸರಿ 66 ದಿನ ಬೇಕಾಗಿತ್ತು. ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಅಂತಲೂ ಅದರಲ್ಲಿದೆ. ಇದನ್ನು ಕೇಳಿ ಅವರು ಜೋರಾಗಿ ಉಸಿರು ಬಿಟ್ಟರು.

ನೀವು ಈ ಡಿಸೆಂಬರಿನಲ್ಲೋ ಯುಗಾದಿಗೋ ಪಟ್ಟಿ ಬರೆಯಲು ಕೂತರೆ, ಹಳೆಯ ಪಟ್ಟಿಗಳನ್ನೂ ತೆಗೆದು ಪಕ್ಕಕ್ಕಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಮೂರು ವರ್ಷ ಒಂದೇ ಸಾಲು ಮರಳಿ ಬಂದಿದ್ದರೆ "ಈ ಸಲ ಗಟ್ಟಿ ಮನಸ್ಸು ಮಾಡ್ತೀನಿ" ಅಂತ ಬರೆಯಬೇಡಿ. ಆ ಸಾಲು ಯಾರಿಗೆ ಕೊಡಬೇಕಾದ ಬಾಕಿ ಅಂತ ಕೇಳಿಕೊಳ್ಳಿ. ಎಷ್ಟೋ ಸಲ ಉತ್ತರ ಅಪ್ಪ ಆಗಿರುತ್ತಾರೆ, ಬಂಧುಗಳ ಮದುವೆಯಲ್ಲಿ "ಇನ್ನೂ ಇಲ್ವಾ?" ಅಂತ ಕೇಳುವವರಾಗಿರುತ್ತಾರೆ. ಕೆಲವು ಸಲ ನಿಮ್ಮದೇ ಆಸೆ ಆಗಿರುತ್ತದೆ. ಆಗ ಬಿಡಬೇಡಿ. ಆದರೆ ಅದಕ್ಕೆ ಗಂಟೆಗಳು ಎಲ್ಲಿಂದ ಬರುತ್ತವೆ, ಆ ಹೊತ್ತಿನಲ್ಲಿ ಮನೆಯ ಕೆಲಸ ಯಾರು ನೋಡುತ್ತಾರೆ ಅಂತ ಮನೆಯವರ ಜೊತೆ ಕೂತು ಮಾತಾಡಿ. ಹೆಂಗಸರಿಗೆ ಇದನ್ನು ನಾನು ಎರಡು ಸಲ ಹೇಳುತ್ತೇನೆ.

ಜೂನ್ ಮೊದಲ ವಾರ ಅವರ ಫೋನ್ ಬಂತು. ಮಗಳು ಎಂಟನೇ ತರಗತಿಗೆ ಹೊಸ ಶಾಲೆ ಸೇರಿದ್ದಳು. ಫಾರಂ ತುಂಬುವಾಗ ಅವಳು ಪಕ್ಕದಲ್ಲೇ ಇದ್ದಳಂತೆ. ಆ ಕಾಲಂನಲ್ಲಿ "ಪಿಯುಸಿ" ಅಂತ ಬರೆದು, ಡಿಗ್ರಿ ಮುಗಿಸಿಲ್ಲ ಅಂತ ಬಾಯಿ ಬಿಟ್ಟು ಹೇಳಿದರಂತೆ.

"ಏನಂದಳು?" ಅಂತ ಕೇಳಿದೆ.

"ತಾತ ಹೋದಾಗಲಾ ಅಂತ ಕೇಳಿದ್ಲು. ಹೂಂ ಅಂದೆ. ಆಮೇಲೆ ಫೋಟೋ ಸೊಟ್ಟ ಅಂಟಿಸಿದೀಯ ಅಪ್ಪ ಅಂತ ಫಾರಂ ಕಿತ್ಕೊಂಡ್ಲು."