1.7 ಟನ್ ಗಾಡಿ ಅಂದ್ರೆ 1.7 ಟನ್ ಮಾಲು ಹಾಕಬಹುದಾ?

ಪ್ರಶ್ನೆ: ಸರ್, ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡಿದೀನಿ, ಕೋಲಾರ ಮಾರ್ಕೆಟ್‌ಗೆ ಟೊಮ್ಯಾಟೊ ಹೊಡೆಯೋಕೆ. ಮಾರಿದವರು ಇದು 1.7 ಟನ್ ಗಾಡಿ, 120 ಕ್ರೇಟ್ ಆರಾಮಾಗಿ ಎಳೆಯುತ್ತೆ ಅಂದ್ರು. ಆರ್‌ಸಿಯಲ್ಲಿ ಅನ್‌ಲೇಡನ್ 1,735, ಗ್ರಾಸ್ 3,490 ಕೆಜಿ ಅಂತಿದೆ. ಹಳೇ ಓನರ್ ಸೈಡಿಗೆ ಕಬ್ಬಿಣದ ಗ್ರಿಲ್, ಕ್ಯಾಬಿನ್ ಮೇಲೆ ಕ್ಯಾರಿಯರ್ ಹಾಕ್ಸಿದಾರೆ, ಖಾಲಿ ಗಾಡಿ ವೇಬ್ರಿಡ್ಜ್ ಹತ್ತಿಸಿದ್ರೆ 1,920 ಬಂತು. ಎಷ್ಟು ಕ್ರೇಟ್ ಹಾಕ್ಲಿ?
— ಓದುಗರೊಬ್ಬರು, ಮುಳಬಾಗಿಲು

ಖಾಲಿ ಗಾಡಿ ತೂಕ ಹಾಕ್ಸಿದ್ದು ತುಂಬಾ ಒಳ್ಳೇದಾಯ್ತು, ಲೆಕ್ಕ ಶುರುವಾಗೋದೇ ಅಲ್ಲಿಂದ. ಗ್ರಾಸ್ 3,490 ಅಂದ್ರೆ ಗಾಡಿ, ಮಾಲು, ಜನ, ಡೀಸೆಲ್, ಟಾರ್ಪಾಲ್, ಹಗ್ಗ ಎಲ್ಲಾ ಸೇರಿ ಅದನ್ನ ದಾಟಬಾರದು. ಅನ್‌ಲೇಡನ್ ಅನ್ನೋದು ಗಾಡಿ ರಿಜಿಸ್ಟರ್ ಆದಾಗಿನ ಖಾಲಿ ತೂಕ, ಕಾಯ್ದೆ ಪ್ರಕಾರ ಅದರಲ್ಲಿ ಡ್ರೈವರ್ ತೂಕನೂ ಸೇರಲ್ಲ, ಕ್ಲೀನರ್ ತೂಕನೂ ಸೇರಲ್ಲ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ನಿಮ್ಮ ಗ್ರಿಲ್ಲು ಕ್ಯಾರಿಯರ್ರು ಆಗಲೇ 185 ಕೆಜಿ ತಿಂದ್ಬಿಟ್ಟಿವೆ. 3,490ರಲ್ಲಿ 1,920 ಕಳೀರಿ, 1,570 ಉಳೀತು. ನೀವು ಮತ್ತೆ ಡ್ರೈವರ್ ಇಬ್ರಿಗೆ 140 ತೆಗೀರಿ, 1,430. ಕೋಲಾರದ ಬಾಕ್ಸ್‌ನಲ್ಲಿ ಹಣ್ಣೇ 15 ಕೆಜಿ, ಪ್ಲಾಸ್ಟಿಕ್ ಕ್ರೇಟ್ ತೂಕ ಸೇರಿಸಿ 17 ಅಂತ ಹಿಡಿದ್ರೆ 84 ಕ್ರೇಟ್ ಬರುತ್ತೆ. ಅಷ್ಟೇ ನಿಮ್ಮ ಗಾಡಿ ಕೆಪಾಸಿಟಿ.

120 ಹಾಕಿದ್ರೆ ಒಟ್ಟು 4,100 ಆಗುತ್ತೆ, 610 ಕೆಜಿ ಜಾಸ್ತಿ. ಎಳೆಯೋದೇನೋ ಎಳೆಯುತ್ತೆ ಬಿಡಿ, ಡೀಸೆಲ್ ಇಂಜಿನ್‌ಗೆ ಅದು ದೊಡ್ಡ ವಿಷಯನೇ ಅಲ್ಲ, ಆದ್ರೆ ನಿಲ್ಲಿಸೋದು ಇಂಜಿನ್ ಅಲ್ವಲ್ಲ. 2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಜಾಸ್ತಿ ಇರೋ ಪ್ರತಿ ಟನ್‌ಗೆ 2,000 ಬೇರೆ, ಅದರ ಮೇಲೆ ಹೆಚ್ಚಿನ ಮಾಲು ಇಳಿಸೋ ಖರ್ಚೂ ನಿಮ್ದೇ, ಇಳಿಸೋ ತನಕ ಗಾಡಿ ಬಿಡಂಗಿಲ್ಲ. ಬಿಸಿಲಲ್ಲಿ ರೋಡ್ ಸೈಡಲ್ಲಿ ಇಳಿಸಿಟ್ಟ ಟೊಮ್ಯಾಟೊಗೆ ಮಂಡಿಯಲ್ಲಿ ಏನು ರೇಟ್ ಸಿಗುತ್ತೆ ಅಂತ ನಿಮಗೇ ಗೊತ್ತು. ಆ ಕ್ಯಾರಿಯರ್ ಬಿಚ್ಚಿಸಿ ಅಂತ ನನ್ನ ಸಲಹೆ, ಕಡಿಮೆಯಾದ ಪ್ರತಿ 17 ಕೆಜಿಗೂ ಒಂದು ಕ್ರೇಟ್ ಜಾಸ್ತಿ ಹಾಕಬಹುದು.

ಪ್ರಶ್ನೆ: ನಮ್ಮ ಪಿಕಪ್ ಹಿಂದುಗಡೆ ಸ್ಪ್ರಿಂಗ್‌ಗೆ ಎರಡು ಎಕ್ಸ್‌ಟ್ರಾ ಪ್ಲೇಟ್ ಹಾಕ್ಸಿದೀವಿ, ಈಗ ಲೋಡ್ ಹಾಕಿದ್ರೂ ಕೂರಲ್ಲ. 60 ಕೆಜಿಯ ಶುಂಠಿ ಮೂಟೆ 40 ಹಾಕ್ಕೊಂಡು ಚಾರ್ಮಾಡಿ ಇಳಿಯಬಹುದಲ್ವಾ?
— ಓದುಗರು, ಮೂಡಿಗೆರೆ

ದಯವಿಟ್ಟು ಬೇಡ. ಬರೀ ಮೂಟೆನೇ 2,400 ಕೆಜಿ ಆಯ್ತು. ಗ್ರಾಸ್ ವೇಟ್‌ನ ಕಂಪನಿಯವರು ಬರೀ ಸ್ಪ್ರಿಂಗ್ ನೋಡಿ ನಿರ್ಧಾರ ಮಾಡಲ್ಲ, ಆಕ್ಸಲ್, ಬೇರಿಂಗ್, ಡಿಸ್ಕು, ಟೈರು, ಚಾಸಿ, ಬ್ರೇಕು ಎಲ್ಲಾ ನೋಡ್ತಾರೆ, ಅದರಲ್ಲಿ ಯಾವುದು ಮೊದಲು ಸೋಲುತ್ತೋ ಅದೇ ಲಿಮಿಟ್. ಪ್ಲೇಟ್ ಹಾಕ್ಸಿದ್ರೆ ಗಾಡಿ ಕೂರೋದು ನಿಲ್ಲುತ್ತೆ, ತೂಕ ಎಲ್ಲೂ ಹೋಗಲ್ಲ. ಮೊದಲು ಗಾಡಿ ಕೂತಿದ್ದು ನೋಡಿ ಓವರ್ ಆಯ್ತು ಅಂತಾದ್ರೂ ಗೊತ್ತಾಗ್ತಿತ್ತು, ಈಗ ಆ ಗುರುತೂ ಹೋಯ್ತು.

ಹಿಂದಿನ ಟೈರ್ ಸೈಡ್ ನೋಡಿ, ಸೈಜ್ ಪಕ್ಕದಲ್ಲಿ ಒಂದು ನಂಬರ್ ಇರುತ್ತೆ, ಅದು ಲೋಡ್ ಇಂಡೆಕ್ಸ್. 108 ಇದ್ರೆ ಆ ಟೈರ್ ಹೊರೋದು 1,000 ಕೆಜಿ, 112 ಇದ್ರೆ 1,120, ಅದೂ ಗಾಳಿ ಸರಿಯಾಗಿದ್ರೆ ಮಾತ್ರ. ಅಂದ್ರೆ 112ರ ಎರಡು ಟೈರ್ ಸೇರಿ 2,240. ಪಿಕಪ್‌ನಲ್ಲಿ ಮಾಲಿನ ಹೆಚ್ಚುಪಾಲು ಬೀಳೋದು ಹಿಂದಿನ ಆಕ್ಸಲ್ ಮೇಲೆ, ಅಲ್ಲಿ ಗಾಡಿದೇ ತೂಕ ಆಗಲೇ ಏಳೆಂಟುನೂರು ಕೆಜಿ ಇರುತ್ತೆ. ಇನ್ನು 2,400 ಎಲ್ಲಿ ಹಾಕ್ತೀರ?

ಬಾಡಿಯ ಹಿಂದಿನ ತುದಿಗೆ ಮೂಟೆ ಒಟ್ಟಿದ್ರೆ ಇನ್ನೂ ಕಷ್ಟ, ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಸ್ಟೇರಿಂಗ್ ಹಗುರ ಆಗುತ್ತೆ, ರಾತ್ರಿ ಹೆಡ್‌ಲೈಟ್ ರೋಡ್ ಬಿಟ್ಟು ಮರದ ಕೊಂಬೆಗೆ ಹೊಡೀತಿದ್ರೆ ಇದೇ ಕಾರಣ ಅಂತ ತಿಳ್ಕೊಳ್ಳಿ. ಕೊಟ್ಟಿಗೆಹಾರ ದಾಟಿದ್ಮೇಲೆ ಉಜಿರೆ ಕಡೆಗೆ ತಿರುವು ಮೇಲೆ ತಿರುವು, ಬ್ರೇಕ್ ಒತ್ತಿ ಒತ್ತಿ ಕಾದು, ಪೆಡಲ್ ಗಟ್ಟಿಯಾಗೇ ಇದ್ರೂ ಗಾಡಿ ನಿಲ್ಲದೇ ಇರೋ ಸ್ಥಿತಿ ಬರುತ್ತೆ. ಲಿಮಿಟ್‌ನೊಳಗೆ ಲೋಡ್ ಇಟ್ಕೊಂಡು, ಭಾರದ ಮೂಟೆಗಳನ್ನ ಕ್ಯಾಬಿನ್‌ಗೆ ಒತ್ತಿ ಜೋಡಿಸಿ, ಎರಡನೇ ಗೇರಲ್ಲಿ ಇಳೀರಿ. ಎರಡು ಟ್ರಿಪ್ ಆದ್ರೂ ಪರವಾಗಿಲ್ಲ, ಘಾಟಿಯಲ್ಲಿ ಎದುರಿಗೆ ಬರೋ ಬಸ್ಸಲ್ಲೂ ಜನ ಇರ್ತಾರೆ.

ಪ್ರಶ್ನೆ: ಅಮೆರಿಕಾದಲ್ಲಿದೀವಿ. ನಮ್ಮ ಹಾಫ್ ಟನ್ ಪಿಕಪ್ 10,000 ಪೌಂಡ್ ಎಳೆಯುತ್ತೆ ಅಂತ ಬ್ರೋಶರ್‌ನಲ್ಲಿದೆ. 6,800 ಪೌಂಡ್ ಟ್ರೇಲರ್ ಕಟ್ಕೊಂಡು ಫ್ಯಾಮಿಲಿ ಜೊತೆ ಹೋಗಬಹುದಾ? ಡೋರ್ ಸ್ಟಿಕ್ಕರ್‌ನಲ್ಲಿ 1,480 ಅಂತಿದೆ.
— ಕನ್ನಡಿಗರೊಬ್ಬರು, ಡಾಲಸ್

ಎಳೆಯೋ ಲೆಕ್ಕ ಬೇರೆ, ಹೊರೋ ಲೆಕ್ಕ ಬೇರೆ. ಹಾಫ್ ಟನ್ ಅನ್ನೋದು ಹಳೇ ಕಾಲದಿಂದ ಉಳ್ಕೊಂಡಿರೋ ಹೆಸರು, ಅದನ್ನ ಬಿಟ್ಬಿಡಿ. ಡ್ರೈವರ್ ಡೋರ್ ಹತ್ರ ಇರೋ ಆ 1,480 ಪೌಂಡೇ ನಿಮ್ಮ ಗಾಡಿ ಲಿಮಿಟ್, ಜನ ಮತ್ತು ಸಾಮಾನು ಎರಡೂ ಸೇರಿ. ಟ್ರೇಲರ್ ಮೂತಿ ಹಿಚ್ (ಗಾಡಿ ಹಿಂದೆ ಟ್ರೇಲರ್ ಕಟ್ಟೋ ಕೊಂಡಿ) ಮೇಲೆ ಒತ್ತೋ ತೂಕ ಸಾಮಾನ್ಯವಾಗಿ ಟ್ರೇಲರ್‌ನ 10ರಿಂದ 15 ಪರ್ಸೆಂಟ್, ನಿಮ್ದಕ್ಕೆ ಹತ್ತಿರ ಹತ್ತಿರ 850 ಅಂದ್ಕೊಳ್ಳಿ, ಅದು ಪೂರ್ತಿ ಪೇಲೋಡ್, ಅಂದ್ರೆ ಗಾಡಿ ಹೊರೋ ಆ 1,480ರ ಲೆಕ್ಕಕ್ಕೇ ಬರುತ್ತೆ. ಹಿಚ್ ಸೆಟ್‌ಗೆ 100 ಹಿಡಿದ್ರೆ 530 ಉಳೀತು. ಗಂಡ ಹೆಂಡ್ತಿ ಇಬ್ರು ಮಕ್ಳು ಕೂತ್ರೆ ಹೆಚ್ಚುಕಮ್ಮಿ ಮುಗೀತು, ಜನರೇಟರ್, ಸೈಕಲ್ ಹಾಕೋಕೆ ಜಾಗ ಇದ್ರೂ ತೂಕಕ್ಕೆ ಜಾಗ ಇಲ್ಲ. ಮೂತಿ ಭಾರ ಕಡಿಮೆ ಮಾಡೋಣ ಅಂತ ಟ್ರೇಲರ್ ಸಾಮಾನೆಲ್ಲ ಹಿಂದಕ್ಕೆ ಸರಿಸ್ಬೇಡಿ, ಹೈವೇಲಿ ಟ್ರೇಲರ್ ಬಾಲ ಅಲ್ಲಾಡ್ಸೋಕೆ ಶುರು ಮಾಡಿದ್ರೆ ಹಿಡಿಯೋಕಾಗಲ್ಲ. ಹೊರಡೋ ಮುಂಚೆ ಎಲ್ರನ್ನೂ ಕೂರಿಸ್ಕೊಂಡು ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ (ಅಲ್ಲಿನ ವೇಬ್ರಿಡ್ಜ್) ಮೇಲೆ ಒಂದ್ಸಲ ಹತ್ತಿಸಿ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರರ ತೂಕನೂ ಬೇರೆ ಬೇರೆ ಪ್ರಿಂಟ್ ಮಾಡಿ ಕೊಡ್ತಾರೆ, ಹಿಂದಿನ ಆಕ್ಸಲ್ ನಂಬರನ್ನ ಡೋರ್‌ನಲ್ಲಿರೋ ಹಿಂದಿನ ಆಕ್ಸಲ್ ರೇಟಿಂಗ್ ಜೊತೆ ಹೋಲಿಸಿ ನೋಡಿ.