ತೆಂಗಿನ ಕೆಳಗಿನ ಮಡಲುಗಳು ಸುಟ್ಟಂತೆ ಒಣಗುತ್ತಿವೆ, ಸಂಜೆ ಬೂದು ಬಣ್ಣದ ಚಿಕ್ಕ ಪತಂಗಗಳೂ ಕಾಣುತ್ತವೆ. ಕಾರಣ ಅವೇ ಇರಬಹುದೇ?

ಹೌದು, ಇದು ಕಪ್ಪುತಲೆ ಹುಳುವಿನ (ಒಪಿಸಿನಾ ಅರೆನೊಸೆಲ್ಲಾ) ಲಕ್ಷಣ. ಖಚಿತಪಡಿಸಿಕೊಳ್ಳಲು ಒಣಗಿದ ಎಲೆಯ ಅಡಿಭಾಗ ನೋಡಿ: ನೂಲು ಮತ್ತು ಹಿಕ್ಕೆ ಸೇರಿಸಿ ಕಟ್ಟಿದ ಉದ್ದನೆಯ ಸುರಂಗಗಳಿದ್ದರೆ ಅನುಮಾನ ಬೇಡ.

ಪತಂಗ ಬೂದುಮಿಶ್ರಿತ ಬಿಳಿ, ರೆಕ್ಕೆ ಬಿಚ್ಚಿದರೂ ಸುಮಾರು 2 ಸೆಂ.ಮೀ. ಅಷ್ಟೇ. ಅದು ಎಲೆ ತಿನ್ನುವುದಿಲ್ಲ. ಹಾನಿ ಮಾಡುವುದು ಹುಳು: ಹಸಿರುಮಿಶ್ರಿತ ಕಂದು ಮೈ, ಉದ್ದಕ್ಕೆ ಕಂದು ಗೆರೆ, ಕಡುಗಪ್ಪು ತಲೆ. ಮೊಟ್ಟೆ ಒಡೆಯಲು ಸುಮಾರು 5 ದಿನ, ಹುಳುವಾಗಿ ಸುಮಾರು 40 ದಿನ, ಅದೇ ಸುರಂಗದೊಳಗೆ ಕೋಶವಾಗಿ ಸುಮಾರು 12 ದಿನ. ಕಾಸರಗೋಡಿನಂಥ ಕಡಲಬದಿ, ಹಿನ್ನೀರಿನ ಅಂಚಿನ ತೋಟಗಳಲ್ಲಿ ಬೇಸಿಗೆಗೆ ಜೋರು.

ಹೆಚ್ಚು ಹಾನಿಯಾದ ಹೊರಸುತ್ತಿನ 2-3 ಮಡಲು ಮಾತ್ರ ಕಡಿದು ಸುಡಿ. ಹಸಿರು ಮಡಲನ್ನೂ ಕಡಿದರೆ ಫಸಲಿಗೇ ಪೆಟ್ಟು. ಸುರಂಗ ಹುಳುವನ್ನು ಕಾಯುವುದರಿಂದ ಮೇಲಿಂದ ಹೊಡೆದ ಮದ್ದು ಸರಿಯಾಗಿ ತಾಗುವುದಿಲ್ಲ, ಬದಲಿಗೆ ಉಪಕಾರಿ ಕೀಟಗಳು ಸಾಯುತ್ತವೆ. ನನ್ನ ಸಲಹೆ ಗೋನಿಯೋಜಸ್ ಪರಜೀವಿ ಕಣಜ (ಈ ಹುಳುವಿನ ಮೇಲೆ ಬೆಳೆದು ಅದನ್ನು ಕೊಲ್ಲುವ ಚಿಕ್ಕ ಕೀಟ), ಮರಕ್ಕೆ 20ರಂತೆ. ಎಲೆಯಲ್ಲಿ ಹುಳುಗಳಿರುವಾಗಲೇ ಬಿಡಬೇಕು. ಬರೀ ಕೋಶಗಳಿದ್ದರೆ ಪ್ರಯೋಜನವಿಲ್ಲ. ಮರದ ತುದಿಯ ಮಂಡೆಯೊಳಗೆ ಬಿಡಬೇಡಿ, ಅಲ್ಲಿನ ಜೇಡಗಳು ಹಿಡಿದು ತಿನ್ನುತ್ತವೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಅಥವಾ ಹತ್ತಿರದ ಕೃಷಿಭವನದಲ್ಲಿ ವಿಚಾರಿಸಿ. ಹೋಗುವಾಗ ಹುಳುವಿರುವ ಎರಡು ಎಲೆ ಜೊತೆಗಿರಲಿ, ಹುಳುವಿನ ಹಂತ ನೋಡಿಯೇ ಬಿಡುವ ಸಮಯ ಹೇಳಬೇಕಾಗುತ್ತದೆ.